ಅರಿಶಿನದ ಅಪವಾದ

ಮೃಗಶಿರೆಯ ಮೊದಲ ಮಳೆ ಬಿದ್ದ ಮರುದಿನ ಹರಪನಹಳ್ಳಿಯ ಮೇಲೆ ಹರಡುವ ಬೆಳಕನ್ನು ನೀವು ಕಂಡಿದ್ದೀರಾ, ಸಹೃದಯರೇ? ಬೇಸಗೆಯುದ್ದಕ್ಕೂ ಹಂಚಿನಂತೆ ಕಾದಿದ್ದ ಕೆಂಪು ನೆಲ ಒಂದೇ ಇರುಳಿನಲ್ಲಿ ತಣಿದು, ಮೆತ್ತಗಾಗಿ, ಬಿತ್ತನೆಯ ಕೂರಿಗೆಗಾಗಿ ಎದೆ ತೆರೆದು ಮಲಗಿರುತ್ತದೆ. ದೂರದ ಕುರುಚಲು ಗುಡ್ಡಗಳ ಮೇಲೆ ಹಸಿರೆಂದು ಹೇಳಲಾಗದ, ಹಸಿರಿನ ಆಸೆಯೆಂದಷ್ಟೇ ಹೇಳಬಹುದಾದ ಒಂದು ಛಾಯೆ ಮೂಡಿರುತ್ತದೆ. ತೊಳೆದಿಟ್ಟ ಆಕಾಶದಿಂದ ಇಳಿಯುವ ಪ್ರಾತಃಕಿರಣಗಳು ಸಿರಿವಂತರ ಮಹಡಿಗಳನ್ನೂ ಬಡವರ ಮಣ್ಣಿನ ಮಾಳಿಗೆಗಳನ್ನೂ ಒಂದೇ ವಾತ್ಸಲ್ಯದಿಂದ ನೇವರಿಸುತ್ತವೆ... ತೊಂಬತ್ತೊಂಬತ್ತನೆಯ ಇಸವಿಯ ಅಂಥದೊಂದು ಬೆಳಗಿನಲ್ಲಿ, ಕೋಟೆ ಓಣಿಯ ಹಳೆಯ ಮನೆಯೊಂದರ ಬೆಳಕಿಂಡಿಯಿಂದ ಇಳಿದ ಕಿರಣದಂಡದ ಕೆಳಗೆ ಕುಳಿತು, ಪುಷ್ಪಲತಾ ತನ್ನ ಗಂಡನ ಕಣ್ಣರೆಪ್ಪೆಗಳನ್ನು ಬೆರಳಿನಿಂದ ಮೆಲ್ಲಗೆ ಎತ್ತಿ ನೋಡುತ್ತಿದ್ದಳು.

ಸೋಮಶೇಖರ್ ಸೈನಿಕ, ಪಂಪಮ್ಮನೆಂಬ ವಿಧವೆಗೆ ಒಬ್ಬನೇ ಮಗ. ವೈಶಾಖದ ಕೊನೆಯ ಮುಹೂರ್ತದಲ್ಲಿ ಕೊಟ್ಟೂರಿನ ಪುಷ್ಪಲತಾಳ ಕೈ ಹಿಡಿಯಲೆಂದು ರಜೆಯ ಮೇಲೆ ಬಂದಿದ್ದವನು, ರಜೆ ಮುಗಿಯುವ ಮೊದಲೇ ಕಾಮಾಲೆ ಹತ್ತಿ ಹಾಸಿಗೆ ಹಿಡಿದಿದ್ದ. ರಕ್ತ ನೋಡಿದ ವೈದ್ಯರು, ಯಕೃತ್ತು ಬಹಳ ಸೋತಿದೆ, ಹಾಸಿಗೆ ಬಿಟ್ಟು ಏಳಕೂಡದು ಎಂದಿದ್ದರು. ಅವನ ದಳಕ್ಕೆ ತಂತಿ ಹೋಗಿತ್ತು. ಗುಣವಾದ ಮೇಲೆ ಬಾ ಎಂಬ ಉತ್ತರವೂ ಬಂದಿತ್ತು.

ಅನುರಾಗವು ಎಲ್ಲಿ ಯಾವಾಗ ಮೊಳೆಯುವುದೆಂದು ಬಲ್ಲವರಾರು! ಒಬ್ಬರ ಮುಖವನ್ನೊಬ್ಬರು ಸರಿಯಾಗಿ ನೋಡಿರದ ಆ ನವದಂಪತಿಗಳಿಗೆ ರೋಗಶಯ್ಯೆಯೇ ಪ್ರಣಯಮಂಟಪವಾಯಿತು. ದಿನವೂ ನಸುಕಿಗೆ ಅವಳು ಬದುವಿನಿಂದ ನೆಲನೆಲ್ಲಿ ಕಿತ್ತು ತಂದು, ಅರೆದು, ಮಜ್ಜಿಗೆಯಲ್ಲಿ ಕದಡಿ ಕುಡಿಸುವಳು. ಆಮೇಲೆ ಅವನ ಕಣ್ಣಿನ ಬಣ್ಣವನ್ನು ಪರೀಕ್ಷಿಸುವಳು. ನಿನ್ನೆ ಚೆಂಡುಹೂವಿನಷ್ಟಿತ್ತು, ಇಂದು ಸಂಪಿಗೆಯಷ್ಟಾಗಿದೆ, ಜಾಲಿಹೂವಿನಷ್ಟಾದ ದಿನ ಅನ್ನಕ್ಕೆ ತುಪ್ಪ ಹಾಕುತ್ತೇನೆ ಎಂದು ಆಸೆ ತೋರಿಸುವಳು. ಅವನು ನಗುವನು, ಅವಳ ಬೆರಳುಗಳನ್ನು ಹಿಡಿದು, ಇವು ಇಷ್ಟು ತಣ್ಣಗೆ ಹೇಗಿವೆ ಎಂದು ಕೇಳುವನು. ಆ ಮಾತಿಗೆ ಅವಳ ಮೈಯೆಲ್ಲ ಮಳೆ ಹನಿಸಿದ ಹೊಲದಂತೆ ಘಮಗುಟ್ಟುತ್ತಿತ್ತು...

ಅಷ್ಟರಲ್ಲಿ ದೂರದ ಉತ್ತರದಲ್ಲಿ, ಈ ಸೀಮೆಯ ಯಾರೂ ಅದುವರೆಗೆ ಹೆಸರು ಕೇಳಿರದ ಕಾರ್ಗಿಲ್ಲಿನ ಹಿಮಶಿಖರಗಳ ಮೇಲೆ ಯುದ್ಧ ಹೊತ್ತಿಕೊಂಡಿತು. ಹಿಮದಲ್ಲಿ ಹೊತ್ತಿದ ಬೆಂಕಿಯ ಝಳ ಮೆಕ್ಕೆಜೋಳದ ಮಂಡಿಯವರೆಗೂ ಬಂತು! ದಲಾಲಿ ಅಂಗಡಿಗಳಲ್ಲಿ ಧಾರಣೆಯ ಮಾತು ನಿಂತು ತೋಪು, ಶಿಖರ, ಬಂಕರುಗಳ ಮಾತಾಯಿತು. ಟಿವಿ ಇದ್ದ ಮನೆಗಳ ಪಡಸಾಲೆಗಳಲ್ಲಿ ಸಂಜೆಯಾದರೆ ಕಾಲಿಡಲು ತೆರಪಿಲ್ಲ. ಶಾಲೆಯ ಮಕ್ಕಳು ಬಾವುಟ ಹಿಡಿದು ಬಸ್‌ಸ್ಟ್ಯಾಂಡಿನವರೆಗೆ ಘೋಷಣೆ ಕೂಗುತ್ತ ಹೋದರು. ರಕ್ತ ಕೊಡುತ್ತೇವೆಂದು ಸಾಲು ನಿಂತವರಲ್ಲಿ ನಿಜವಾದ ಪ್ರೀತಿಯೂ ಇತ್ತು, ಅದನ್ನು ಅಲ್ಲಗಳೆಯಲಾಗದು. ಆದರೆ ಜನದ ಉತ್ಸಾಹಕ್ಕೆ ಒಂದು ಮುಖ ಬೇಕಾಗುತ್ತದೆ. ನಮ್ಮ ಓಣಿಯಲ್ಲೂ ಒಬ್ಬ ಸೈನಿಕನಿದ್ದಾನೆ ಎಂಬ ಹೆಮ್ಮೆ ಮೊದಲು ಹುಟ್ಟಿತು. ಅವನು ಇನ್ನೂ ಇಲ್ಲೇ ಏಕಿದ್ದಾನೆ ಎಂಬ ಪ್ರಶ್ನೆ ಅದರ ಹಿಂದೆಯೇ ಬಂತು. ಪ್ರಶ್ನೆಯ ಹಿಂದೆ ನಗು ಬಂತು.

ಎದುರು ಮನೆಯ ಪಾಲಮ್ಮ ಮಾತಿನಲ್ಲಿ ಜಾಣೆ. ಅವಳ ಚಾಟು ಬಾಯಿಯಿಂದ ಬಾಯಿಗೆ ಹಾರುವುದಕ್ಕೆ ರೆಕ್ಕೆ ಬೇಕಿರಲಿಲ್ಲ. ನೀರಿನ ಸರದಿಯಲ್ಲಿ ನಿಂತಾಗ ಅವಳು ಅಂದಳಂತೆ:

"ಪಂಪಮ್ಮನ ಮಗಗ ಅರಿಶಿನ ಹತ್ತೈತಂತ. ಹೌದ್ರವ್ವಾ, ಹತ್ತೈತಿ. ಅದು ಕಾಮಾಲಿ ಅರಿಶಿನ ಅಲ್ಲ, ಹೇಣ್ತಿ ಕೆನ್ನಿ ಅರಿಶಿನ."

ಎಂಥ ಮಾತು! ಚಹದಂಗಡಿಗೆ ಹೋಯಿತು, ಕ್ಷೌರದಂಗಡಿಗೆ ಹೋಯಿತು, ಕಾಯಿಪಲ್ಲೆಯ ಸಂತೆಯಲ್ಲಿ ಸುತ್ತಿ ತಿರುಗಿ ಓಣಿಗೇ ಬಂತು. ಪುಷ್ಪಲತಾ ಕೊಡ ಹಿಡಿದು ಹೊರಟರೆ ಹೆಂಗಸರು ಮಾತು ನಿಲ್ಲಿಸಿ ಅವಳ ಕೆನ್ನೆಯನ್ನೇ ನೋಡುವರು. ಸೋಮಶೇಖರ್ ಒಳಗೆ ಮಲಗಿದ್ದಲ್ಲೇ ಇದನ್ನು ಕೇಳಿ ನಕ್ಕುಬಿಟ್ಟ. ಅವಳಿಗೆ ನಗಲಾಗಲಿಲ್ಲ. ಅವಳು ಕೆನ್ನೆಗೆ ಅರಿಶಿನ ಹಚ್ಚುವುದನ್ನು ಬಿಟ್ಟಳು... ಅಪವಾದವೆಂಬುದು ತೇವದಂತೆ, ವಾಚಕರೇ. ಗೋಡೆಯನ್ನು ಒಡೆಯದೆ ಒಳಗೆ ಬರುತ್ತದೆ.

ಆ ದಿನಗಳಲ್ಲೇ ಕೂಡ್ಲಿಗಿ ಕಡೆಯ ಹಳ್ಳಿಯೊಂದರ ಯೋಧ ಮಡಿದ ಸುದ್ದಿ ಬಂತು. ಅವನ ಪಾರ್ಥಿವ ಶರೀರ ಹರಪನಹಳ್ಳಿಯ ಮೇಲೆ ಹಾದು ಹೋಗುವುದೆಂದು ತಿಳಿದು ಊರಿಗೆ ಊರೇ ಬಸ್‌ಸ್ಟ್ಯಾಂಡಿನಲ್ಲಿ ನೆರೆಯಿತು. ಪುಷ್ಪಲತಾಳೂ ಹೋದಳು. ಹೂವಿನಿಂದ ಮುಚ್ಚಿದ ಲಾರಿ ಮೇಘದಂತೆ ಮೆಲ್ಲಗೆ ಬಂತು. ಹಿಂದಿನ ಜೀಪಿನಲ್ಲಿ ಅವಳದೇ ವಯಸ್ಸಿನ ಒಬ್ಬ ಹೆಣ್ಣುಮಗಳು, ಹಣೆ ಬರಿದಾಗಿ, ಯಾರ ಕಡೆಗೂ ನೋಡದೆ ಕುಳಿತಿದ್ದಳು. ಪುಷ್ಪಲತಾಳ ಕಣ್ಣು ತುಂಬಿ ಬಂತು. ಆಗ ಪಕ್ಕದಲ್ಲಿದ್ದ ಹೆಂಗಸೊಬ್ಬಳು ಅವಳ ಭುಜದ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವಂತೆ, ನೀ ಯಾಕ ಅಳ್ತೀಯವ್ವಾ, ನಿನ್ನ ಗಂಡ ಬೆಚ್ಚಗ ಮನ್ಯಾಗ ಅದಾನಲ್ಲ ಎಂದಳು. ಸುತ್ತಲಿದ್ದ ಜನ ಸರಿದು ಅವಳಿಗೆ ಜಾಗ ಬಿಟ್ಟರು. ಮೈಲಿಗೆಗೆ ಜಾಗ ಬಿಡುವ ಹಾಗೆ!

ಮನೆಗೆ ಬಂದಾಗ ಅವಳ ಮುಖ ಸುಟ್ಟ ಇಟ್ಟಿಗೆಯಂತಿತ್ತು. ಅವನು ಗೋಡೆಗೊರಗಿ ಕುಳಿತು ಗಂಜಿಗಾಗಿ ಕಾಯುತ್ತಿದ್ದ. ಇಷ್ಟು ಹೊತ್ತೇಕೆ ಎಂದು ಮುದ್ದಾಗಿ ಗದರಿದ. ಆಗ ಆ ಮಾತು ಅವಳ ಬಾಯಿಂದ ಬಂತು... ಅವಳ ನಾಲಿಗೆಯ ಮೇಲೆ ಊರೇ ಕುಳಿತು ಆಡಿಸಿದಂಥ ಮಾತು!

"ನಾ ಒಂದು ಕೇಳ್ತೀನಿ, ಎದಿ ಮುಟ್ಟಿ ಹೇಳ್ರಿ. ನಿಮಗ ಹತ್ತಿದ್ದು ಕಾಮಾಲಿನೋ, ಅಂಜಿಕಿನೋ?"

ಪಂಪಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. ಸೋಮಶೇಖರ್ ಹೆಂಡತಿಯ ಮುಖವನ್ನು ಬಹಳ ಹೊತ್ತು ನೋಡಿದ. ಅವನು ಗದರಲೆಂದು ಅವಳು ಕಾದಳು, ನಗಲೆಂದು ಕಾದಳು. ಅವನು ಎರಡೂ ಮಾಡದೆ, ಗೋಡೆ ಹಿಡಿದು ಎದ್ದು, ಅಟ್ಟದ ಮೇಲಿನ ಟ್ರಂಕನ್ನು ತಾನೇ ಇಳಿಸಿದ.

ತಾಯಿ ಅವನ ಕಾಲು ಹಿಡಿದಳು. ಪುಷ್ಪಲತಾ ಬಾಗಿಲಿಗೆ ಆತು ನಿಂತಿದ್ದಳು. ಬೇಡವೆಂಬ ಒಂದು ಪದ ಅವಳ ಕಂಠದವರೆಗೆ ಬಂತು. ಆದರೆ ಅಷ್ಟರಲ್ಲಿ ಓಣಿಗೆ ಸುದ್ದಿ ಮುಟ್ಟಿತ್ತು. ಎಲ್ಲಿಂದಲೋ ಹಲಗೆ ಬಡಿಯುವವರು ಬಂದರು, ಹಾರ ಬಂತು. ಪಾಲಮ್ಮನೇ ತಾಟಿನಲ್ಲಿ ಆರತಿ ತಂದು ಬೆಳಗಿದಳು. ಹಳದಿ ಮುಖದ ಆ ಯುವಕ ಹಾರದ ಭಾರಕ್ಕೇ ಬಾಗಿದಂತೆ ನಡೆದರೆ, ಜನ ಜಯಕಾರ ಹಾಕುತ್ತ ಬಸ್‌ಸ್ಟ್ಯಾಂಡಿಗೆ ಕರೆದೊಯ್ದರು. ಹೇಳಲು ಸಂಕಟವಾಗುತ್ತದೆ, ಆದರೆ ಹೇಳಲೇಬೇಕು: ಆ ದಾರಿಯುದ್ದಕ್ಕೂ ಪುಷ್ಪಲತಾ ಸುಖಿಯಾಗಿದ್ದಳು. ಹೆಂಗಸರು ಅವಳ ಕೈ ಹಿಡಿದು ನಡೆದರು. ಅವಳು ತಲೆ ಎತ್ತಿದ್ದಳು. ದಾವಣಗೆರೆಯ ಬಸ್ಸು ಹೊರಟು, ಧೂಳು ನೆಲಕ್ಕಿಳಿದು, ಜನ ಚದುರಿದ ಮೇಲಷ್ಟೇ, ಅವನು ಹೊರಟಾಗ ತನ್ನ ಕಡೆ ನೋಡಲಿಲ್ಲವೆಂಬುದು ಅವಳಿಗೆ ಹೊಳೆಯಿತು.

ಅವನು ಯುದ್ಧವನ್ನು ಕಾಣಲಿಲ್ಲ. ಝಾನ್ಸಿಯ ಹತ್ತಿರ ರೈಲಿನಲ್ಲೇ ಪ್ರಜ್ಞೆ ತಪ್ಪಿ ಬಿದ್ದವನನ್ನು ಸಹಪ್ರಯಾಣಿಕರು ಇಳಿಸಿ ಸೈನ್ಯದ ಆಸ್ಪತ್ರೆಗೆ ಸೇರಿಸಿದರೆಂದು ಮಂಡಿಯ ಫೋನಿಗೆ ಸುದ್ದಿ ಬಂತು. ಜೀವ ಉಳಿಯುವುದೋ ಇಲ್ಲವೋ ಎಂಬಂತೆ ವಾರಗಳು ಉರುಳಿದವು. ಪಂಪಮ್ಮ ಸೊಸೆಯನ್ನು ಬೈಯಲಿಲ್ಲ, ಹೊಡೆಯಲಿಲ್ಲ. ರೊಟ್ಟಿ ಬಡಿಯುತ್ತ ಬಡಿಯುತ್ತ ಒಮ್ಮೆ ಅಂದಳು: "ಹೆತ್ತಾಕಿ ನಾ ಬ್ಯಾಡಂದೆ. ಕೈ ಹಿಡದಾಕಿ ನೀ ಹೋಗಂದಿ. ಅವ ನಿನ್ನ ಮಾತು ಕೇಳಿದ." ಅಷ್ಟೇ. ಆಷಾಢ ಸುರಿಯಿತು, ಶ್ರಾವಣ ತುಂತುರಿಸಿತು. ಯುದ್ಧ ಗೆದ್ದೆವೆಂದು ಊರು ಪಟಾಕಿ ಹಾರಿಸಿತು. ಮೆಕ್ಕೆಜೋಳ ಆಳೆತ್ತರ ಬೆಳೆದು ತೆನೆ ಕಟ್ಟಿತು.

ನವರಾತ್ರಿಯ ಹೊತ್ತಿಗೆ ಅವನು ಬಂದ. ಹಾರವಿರಲಿಲ್ಲ, ಹಲಗೆಯಿರಲಿಲ್ಲ. ಜನರಿಗೆ ಕೊಯ್ಲಿನ ಗಡಿಬಿಡಿ. ಚಹದಂಗಡಿಯ ಮುಂದೆ ಯಾರೋ ಒಬ್ಬ, ಗುಂಡು ಎಲ್ಲಿ ಹತ್ತಿತಪ್ಪಾ ಎಂದು ಕೇಳಿ ನಗಿಸಿದ. ಬಡಕಲಾದ ದೇಹ, ಗುಳಿಬಿದ್ದ ಕಪೋಲ. ಆದರೆ ಕಣ್ಣುಗಳು ಶರತ್ಕಾಲದ ಮುಗಿಲಿನಂತೆ ಬಿಳಿಯಾಗಿದ್ದವು. ಪುಷ್ಪಲತಾ ಓಡಿ ಹೋಗಿ ನೀರಿನ ತಂಬಿಗೆ ಹಿಡಿದಳು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡು, "ನೀವು ಅರಾಮ ಅದೀರೇನ್ರಿ?" ಎಂದ.

ನೀವು! ಲೇ ಎಂದು ಕರೆಯುತ್ತಿದ್ದ ಬಾಯಲ್ಲಿ ನೀವು! ಅವನು ಸಿಟ್ಟಾಗಲಿಲ್ಲ, ಊಟ ಬಿಡಲಿಲ್ಲ, ಪಕ್ಕದ ಮನೆಗೆ ಬಂದ ಸಂಭಾವಿತ ನೆಂಟನಂತೆ ಸೌಜನ್ಯದಿಂದ ನಡೆದುಕೊಂಡ. ಬಡಿಸಿದರೆ ಸಾಕ್ರಿ ಅನ್ನುವನು, ಹೊದೆಸಿದರೆ ಇರ್ಲಿ ಬಿಡ್ರಿ ಅನ್ನುವನು. ಆ ಸೌಜನ್ಯದ ಒಂದೊಂದು ಅಕ್ಷರವೂ ಮಾಘದ ಇಬ್ಬನಿಯಂತೆ ಅವಳ ಮೇಲೆ ತಣ್ಣಗೆ ಬಿತ್ತು. ಕಡೆಗೊಂದು ಮಧ್ಯಾಹ್ನ, ಅತ್ತೆ ಹೊಲಕ್ಕೆ ಹೋಗಿದ್ದಾಗ, ಅವಳು ಅವನ ಪಾದದ ಬಳಿ ಕುಳಿತು, ಒಂದು ಮಾತಿಗೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ಕೇಳಿದಳು.

"ಶಿಕ್ಷಾ ಅಲ್ರಿ," ಎಂದ ಅವನು, ಬಹಳ ಮೃದುವಾಗಿ. "ಊರೆಲ್ಲಾ ಅಂದಾಗ ನನಗ ನಗು ಬಂತು. ಅವರೇನು ನೋಡಿದ್ರು? ದಿನಾ ಮುಂಜಾನೆ ನನ್ನ ಕಣ್ಣು ಬಿಡಿಸಿ ನೋಡಿದಾಕಿ ನೀವು. ನೋಡಿದಾಕಿನೇ ನಂಬಲಿಲ್ಲ."

ದೀಪಾವಳಿ ಕಳೆದ ಮೇಲೆ ಅವನು ತನ್ನ ದಳಕ್ಕೆ ಮರಳಿದ. ಜೊತೆಗೆ ಕರೆದೊಯ್ಯುವ ಮಾತನ್ನು ಅವನೂ ಆಡಲಿಲ್ಲ, ಕೇಳುವ ಧೈರ್ಯ ಅವಳಿಗೂ ಆಗಲಿಲ್ಲ. ವರ್ಷಕ್ಕೊಮ್ಮೆ ಬರುವನು, ತಾಯಿಗೆ ಸೀರೆ ತರುವನು, ಅವಳಿಗೂ ತರುವನು, ನಿಮಗ ಈ ಬಣ್ಣ ಒಪ್ಪತೈತ್ರಿ ಎಂದು ಕೊಡುವನು.

ಹೀಗೆಯೇ ಹಲವು ಮುಂಗಾರುಗಳು ಕಳೆದ ಮೇಲೆ, ಒಂದು ಮುಂಜಾನೆ ಪಾಲಮ್ಮ ಹಾಲಿಗೆ ಹೆಪ್ಪು ಕೇಳಲು ಬಟ್ಟಲು ಹಿಡಿದು ಬಂದಳು. ಈಗವಳು ಮುದುಕಿಯಾಗಿದ್ದಳು, ಮೊಮ್ಮಕ್ಕಳ ಮೇಲೆ ಕರುಣೆ ತುಂಬಿದವಳು. ಮಕ್ಕಳಿಲ್ಲದ ಮನೆಯನ್ನೊಮ್ಮೆ ಕಣ್ಣಾಡಿಸಿ ನೋಡಿ, ಗಂಡ ಯಾಕಿಷ್ಟು ದೂರ ಇಡುತ್ತಾನೆಂದು ನಿಜವಾದ ಮರುಕದಿಂದ ಕೇಳಿದಳು. ಪುಷ್ಪಲತಾ ಮೊದಲ ಸಲ ಬಾಯಿ ಬಿಟ್ಟು, ಅರಿಶಿನದ ಆ ಮಾತು, ಬಸ್‌ಸ್ಟ್ಯಾಂಡಿನ ಆ ದಿನ, ತಾನು ಕೇಳಿದ ಪ್ರಶ್ನೆ ಎಲ್ಲವನ್ನೂ ಹೇಳಿದಳು. ಪಾಲಮ್ಮ ಬಟ್ಟಲು ಹಿಡಿದೇ ಬೆರಗಾಗಿ ನಿಂತಳು. ತಾನು ಅಂಥದನ್ನು ಆಡಿದ್ದು ಅವಳ ನೆನಪಿನಲ್ಲೇ ಇರಲಿಲ್ಲ.

"ಅಯ್ಯ ನಮ್ಮವ್ವಾ, ನಾವೇನೋ ಮಾತಿಗೆ ಅಂದಿರಬೇಕು," ಎಂದಳು. "ನೀ ಖರೇ ಅಂತ ತಿಳಕಂಡ್ಯಾ?"

ಹೆಪ್ಪು ತೆಗೆದುಕೊಂಡು ಅವಳು ಹೊರಟುಹೋದಳು. ಪುಷ್ಪಲತಾ ಹೊಸ್ತಿಲ ಮೇಲೆ ಕುಳಿತೇ ಇದ್ದಳು. ಓಣಿಯ ಮೇಲೆ ಬಿಸಿಲು ಏರುತ್ತಿತ್ತು. ಹೆಂಗಸರು ಕೊಡ ಹೊತ್ತು, ನಗುನಗುತ್ತ, ಯಾರ ಮೇಲೂ ದ್ವೇಷವಿಲ್ಲದೆ ಹಾದುಹೋಗುತ್ತಿದ್ದರು...

ಸಹೃದಯರೇ, ಲೋಕ ಎಷ್ಟು ಸುಲಭವಾಗಿ ಆಡುತ್ತದೆ, ಎಷ್ಟು ನಿರ್ಮಲವಾಗಿ ಮರೆಯುತ್ತದೆ! ಅದರ ಮಾತಿಗೆ ಒಡೆಯರಿಲ್ಲ; ಅದನ್ನು ನಂಬಿದವರಷ್ಟೇ ಅದಕ್ಕೆ ವಾರಸುದಾರರು. ಪ್ರೀತಿ ನಮ್ಮಿಂದ ಬೇಡುವುದು ಮಹಾತ್ಯಾಗಗಳನ್ನಲ್ಲವೇನೋ. ಸಹಸ್ರ ಕಂಠಗಳು ಬೇರೆಯದನ್ನು ಕೂಗುವ ಹೊತ್ತಿನಲ್ಲಿ, ನಮ್ಮ ಎರಡು ಕಣ್ಣುಗಳು ಕಂಡದ್ದನ್ನು ಕಂಡೆವೆಂದು ನಂಬಿ ನಿಲ್ಲುವ ಇಷ್ಟೇ ಇಷ್ಟು ಧೈರ್ಯವನ್ನು. ಅಷ್ಟನ್ನು ಕೊಡಲಾಗದ ಹೃದಯಕ್ಕೆ ಅನುರಾಗವು ಮುನಿಯುವುದಿಲ್ಲ, ಶಪಿಸುವುದಿಲ್ಲ... ಮರ್ಯಾದೆ ಕೊಟ್ಟು ದೂರ ನಿಲ್ಲುತ್ತದೆ.