ಮರ್ಯಾದಸ್ಥ ದನಿ

ಸಮಾಜ ಕಾರ್ಯಕರ್ತೆಗೆ ಸ್ವಂತ ಕೋಣೆ ಇರಲಿಲ್ಲ. ಕ್ಯಾನ್ಸರ್ ವಿಭಾಗದ ಹಳೆಯ ಫೈಲುಗಳ ಕಪಾಟಿನ ಹಿಂದೆ ಒಂದು ಮೇಜು, ಮೂರು ಕುರ್ಚಿ, ಅಷ್ಟೇ. ಕಪಾಟಿನ ಆಚೆ ಬದಿಗೆ ರೋಗಿಗಳ ಬೆಂಚು. ಇಲ್ಲಿ ಪಿಸುಗುಟ್ಟಿದ್ದು ಅಲ್ಲಿ ಕೇಳಿಸುತ್ತಿತ್ತು. ಕೇಳಿಸಿಕೊಂಡವರು ಸಲಹೆಯನ್ನೂ ಕೊಡುತ್ತಿದ್ದರು.

ಆ ದಿನ ಅವಳ ಮೇಜಿನ ಮೇಲಿದ್ದದ್ದು ಬೈಂಡರನ ಫೈಲು. ಪುಸ್ತಕಗಳಿಗೆ ರಟ್ಟು ಕಟ್ಟುವವನು, ಐವತ್ತನಾಲ್ಕು ವರ್ಷ, ಮದುವೆಯಿಲ್ಲ, ಅಕ್ಕನ ಜೊತೆ ವಾಸ. ಅನ್ನನಾಳದಲ್ಲಿ ಕ್ಯಾನ್ಸರ್. ಅದಕ್ಕೂ ಮುಂಚೆ, ಪ್ರಾಯದಲ್ಲೇ ಸ್ಕಿಜೋಫ್ರೇನಿಯಾ, ಇಲ್ಲದ ದನಿ ಕೇಳಿಸುವ ಕಾಯಿಲೆ. ಮಾತ್ರೆಯಿಂದ ಹತೋಟಿಗೆ ಬಂದು ಇಪ್ಪತ್ತೆರಡು ವರ್ಷ. ಅವನಿಗೆ ಇಪ್ಪತ್ತೆಂಟು ದಿನ ಕರೆಂಟು ಕೊಡಬೇಕಿತ್ತು. ರೇಡಿಯೇಷನ್ನಿಗೆ ಬೆಂಚಿನವರು ಹಾಗೆಯೇ ಅನ್ನುವುದು. ಮೊದಲ ಐದು ದಿನ ಕೊರಡಿನ ಹಾಗೆ ಮಲಗಿದವನು ಆರನೆಯ ದಿನದಿಂದ ಯಂತ್ರ ಶುರುವಾಗುವ ಮೊದಲೇ ಎದ್ದು ಕೂರತೊಡಗಿದ. ಎಂಟು ದಿನ ಹೀಗೇ ಆಯಿತು. ಮನೋವೈದ್ಯರು ಮಾತ್ರೆ ಹೆಚ್ಚಿಸಿದರು. ಹೀಗೆ ತಪ್ಪಿದ ಒಂಬತ್ತನೆಯ ದಿನ ತೂಕಡಿಸುತ್ತಲೇ ಎದ್ದು ಕೂತ. ಕ್ಯಾನ್ಸರ್ ಡಾಕ್ಟರು ಫೈಲಿನಲ್ಲಿ ಬರೆದಿದ್ದರು: ನಾಳೆ ಕೊನೆಯ ಪ್ರಯತ್ನ. ಆಗದಿದ್ದರೆ ಚಿಕಿತ್ಸೆ ನಿಲ್ಲಿಸಿ, ಹೊಟ್ಟೆಗೆ ಆಹಾರದ ನಳಿಕೆ ಹಾಕಿ ಮನೆಗೆ ಕಳಿಸುವುದು.

ಇವನು ಯಾಕೆ ಏಳುತ್ತಾನೆ ಎಂಬ ಪ್ರಶ್ನೆಗೆ ಎಲ್ಲರೂ ಹಳೆಯ ಕಾಯಿಲೆಯ ಹೆಸರನ್ನೇ ಉತ್ತರವೆಂದು ಬರೆದು ಕೈತೊಳೆದುಕೊಂಡಿದ್ದರು. ಕಾರ್ಯಕರ್ತೆಯ ತಲೆ ಹೊಕ್ಕ ಹುಳವೇ ಬೇರೆ. ಮೊದಲ ಐದು ದಿನ ಯಾಕೆ ಏಳಲಿಲ್ಲ?

"ಅಕ್ಕ, ಆರನೇ ದಿನ ಮನೇಲಿ ಏನಾದ್ರೂ ಆಗಿತ್ತಾ?" ಎಂದು ಮೇಜಿನ ಎದುರು ಬೈಂಡರನ ಪಕ್ಕ ಕೂತಿದ್ದ ಅವನ ಅಕ್ಕನನ್ನು ಕೇಳಿದಳು.

"ಏನಾಗುತ್ತೆ? ನಾನು ಬೈದೆ, ಅವನು ಬೈಸ್ಕೊಂಡ. ಅದು ಐವತ್ತು ವರ್ಷದಿಂದ ಆಗ್ತಾನೇ ಇದೆ."

ಬೆಂಚಿನ ಕಡೆ ಯಾರೋ ಕಿಸಕ್ಕೆಂದರು.

"ನಗಿ, ನಗಿ. ನಿಮ್ಮನೇಲೂ ಇದೇ ಕತೆ ಅಂತ ಗೊತ್ತಾಯ್ತು" ಎಂದು ಅಕ್ಕ ಕಪಾಟಿಗೇ ಉತ್ತರ ಕೊಟ್ಟಳು.

ಬೈಂಡರನ ಕಣ್ಣು ಕಪಾಟಿನ ಮೇಲೇ ಇತ್ತು. ಕಾರ್ಯಕರ್ತೆ ಫೈಲು ಎತ್ತಿಕೊಂಡು, "ಬನ್ನಿ, ಮೆಟ್ಟಿಲ ಹತ್ರ ಗಾಳಿ ಬರುತ್ತೆ" ಎಂದು ಅವನೊಬ್ಬನನ್ನೇ ಕರೆದುಕೊಂಡು ಹೋದಳು.

ಮೆಟ್ಟಿಲ ಮೇಲೆ ಕೂತು ಅವನು ಫೈಲಿನ ಬೆನ್ನು ಸವರಿ ನೋಡಿದ.

"ಯಾರ್ರೀ ಇದನ್ನ ಕಟ್ಟಿದ್ದು? ಗೋಂದು ಜಾಸ್ತಿ, ಹೊಲಿಗೆ ಕಮ್ಮಿ."

"ನೀವು ಕಟ್ಟಿದ್ರೆ?"

"ನನಗಿಂತ ಜಾಸ್ತಿ ದಿನ ಬಾಳುತ್ತೆ."

ಅವಳು ನಕ್ಕಳು. ಅವನೂ ನಕ್ಕ. ಆಮೇಲೆ ಕೇಳಿದಳು, "ಆ ರೂಮಲ್ಲಿ ಏನಾಗುತ್ತೆ?"

"ಅಕ್ಕನಿಗೆ ಹೇಳಲ್ಲ ತಾನೇ?"

"ನೀವು ಹೇಳು ಅನ್ನೋ ತನಕ ಇಲ್ಲ."

"ಅವನು ವಾಪಸ್ ಬಂದಿದಾನೆ ಮೇಡಂ. ಹಳೇ ದನಿಯೋನು."

ಇಂಥ ಕಡೆ ಮಾತು ಬದಲಿಸಬೇಕು, ದನಿಗಳ ವಿಷಯ ಕೆದಕಬಾರದು ಎಂದು ಅವಳಿಗೆ ಕೆಲಸ ಕಲಿಸಿದವರು ಹೇಳಿದ್ದರು. ಅವಳು ಕೆದಕಿದಳು.

"ಏನಂತಾನೆ?"

"ಮುಂಚೆ ಹೋಗೋ ಬಾರೋ ಅಂತಿದ್ದ. ಹೆತ್ತವರನ್ನೂ ಬಿಡದೆ ಬೈತಿದ್ದ. ಈಗ ಭಾರಿ ಮರ್ಯಾದಸ್ಥ ಆಗ್ಬಿಟ್ಟಿದಾನೆ. ಅಲುಗಾಡಬೇಡಿ, ಎರಡೇ ನಿಮಿಷ, ಹಾಗೇ ಇರಿ ಅಂತಾನೆ. ಅವನಿಗೂ ವಯಸ್ಸಾಯ್ತಲ್ಲ."

ಅವಳ ಕಿವಿ ನೆಟ್ಟಗಾಯಿತು. "ಆಗ ನೀವೇನ್ ಮಾಡ್ತೀರ?"

"ನಮ್ಮ ಹಳೇ ಡಾಕ್ಟರು ಹೇಳಿಕೊಟ್ಟಿದ್ದು. ಮುಖ ಕಾಣದೋನು ಏನು ಹೇಳಿದ್ರೂ ಕೇಳಬೇಡ, ಉಲ್ಟಾ ಮಾಡು ಅಂತ. ಅಲುಗಾಡಬೇಡಿ ಅಂತಾನೆ, ಎದ್ದುಬಿಡ್ತೀನಿ. ಹಾಗೆ ಮಾಡೇ ಇಷ್ಟು ವರ್ಷ ಬದುಕಿದೀನಿ."

ಅವನನ್ನು ಅಲ್ಲೇ ಕೂರಿಸಿ ಅವಳು ಕೆಳಗಿನ ಯಂತ್ರದ ಕೋಣೆಗೆ ಇಳಿದಳು. ಟೆಕ್ನೀಷಿಯನ್ ಗಾಜಿನ ಪರದೆಯ ಮುಂದೆ ಚಹಾ ಕುಡಿಯುತ್ತಿದ್ದ.

"ಇವರ ಆರನೇ ದಿನಕ್ಕೆ ಇಲ್ಲಿ ಏನು ಬದಲಾಯ್ತು?"

"ಏನೂ ಇಲ್ಲ. ಅದೇ ಯಂತ್ರ, ಅದೇ ಹಾಸಿಗೆ, ಅದೇ ಬಡಪಾಯಿ ನಾನು." ಅವನು ತಲೆ ಕೆರೆದುಕೊಂಡ. "ಹಾಂ, ಕೆಟ್ಟಿದ್ದ ಮೈಕು ರಿಪೇರಿಯಾಗಿ ಬಂತು. ಅಲ್ಲೀತನಕ ಬಾಗಿಲಲ್ಲಿ ನಿಂತು ಹೇಳಿ ಬರ್ತಿದ್ದೆ. ಈಗ ಇಲ್ಲೇ ಕೂತು ಹೇಳ್ತೀನಿ."

"ಅದನ್ನ ಅವರಿಗೆ ತಿಳಿಸಿದ್ರಾ?"

"ಮೈಕಲ್ವಾ ಮೇಡಂ, ಅದನ್ನೂ ತಿಳಿಸಬೇಕಾ?"

ಅವಳು ಬೈಂಡರನನ್ನು ಕರೆತಂದು ಟೆಕ್ನೀಷಿಯನ್ನನ ಕುರ್ಚಿಯಲ್ಲಿ ಕೂರಿಸಿದಳು. ಮೈಕಿನ ಗುಂಡಿ ಯಾವುದೆಂದು ತೋರಿಸಿ, ತಾನೇ ಒಳಗೆ ಹೋಗಿ ಯಂತ್ರದ ಕೆಳಗಿನ ಹಾಸಿಗೆಯ ಮೇಲೆ ಮಲಗಿದಳು. ಹಾಸಿಗೆ ತಣ್ಣಗಿತ್ತು, ಗಟ್ಟಿಯಾಗಿತ್ತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಸೂರಿನಿಂದ, ತಗಡಿನ ಡಬ್ಬದೊಳಗೆ ಕೂತು ಮಾತಾಡಿದ ಹಾಗೆ, ಒಂದು ದನಿ ಬಂತು. ಮುಂಚೆಯೇ ಗೊತ್ತಿದ್ದರೂ ಅವಳ ಕಣ್ಣು ಸೂರಿನಲ್ಲಿ ಒಂದು ಮುಖ ಹುಡುಕಿತು.

"ಮೇಡಂ, ಕಾಲು ಅಲ್ಲಾಡ್ತಿದೆ."

ಬೈಂಡರ್ ಗುಂಡಿಯಿಂದ ಬೆರಳು ತೆಗೆಯುವುದನ್ನೇ ಮರೆತಿದ್ದ. ಅವನ ಉಸಿರೂ ಕೇಳಿಸುತ್ತಿತ್ತು.

"ಹಾಗಾದ್ರೆ ಅವನು ಬಂದಿಲ್ಲ."

"ಬಂದಿಲ್ಲ" ಎಂದಳು ಅವಳು, ಸೂರಿಗೆ.

"ನೀನೇನಪ್ಪಾ ಅವನು?" ಎಂದು ಅವನು ಟೆಕ್ನೀಷಿಯನ್ನನನ್ನು ಕೇಳಿದ್ದೂ ಮೈಕಿನಲ್ಲೇ ಬಂತು. "ಹುಚ್ಚು ಮರುಕಳಿಸ್ತು ಅಂತ ಒಂಬತ್ತು ದಿನ ಸತ್ತು ಬದುಕಿದೀನಲ್ಲೋ."

ಮರುದಿನ ಅಕ್ಕನಿಗೆ ಅವನೇ ಹೇಳಿದ.

"ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತೋ ನಿನಗೆ?"

"ನೀನು ಹೆದರ್ತೀಯ ಅಂತ."

"ನಾನು ಹೆದರಿದ್ದು ನೀನು ಸಾಯ್ತೀಯ ಅಂತ, ದಡ್ಡ" ಎಂದು ಅಕ್ಕ ಅವನ ತಲೆಗೊಂದು ಮೊಟಕಿದಳು.

"ಈಗ ಗೊತ್ತಾಯ್ತಲ್ಲ, ಮೈಕಲ್ಲೇ ಹೇಳ್ಲಾ?" ಎಂದು ಕೆಳಗೆ ಯಂತ್ರದ ಕೋಣೆಯಲ್ಲಿ ಟೆಕ್ನೀಷಿಯನ್ ಕೇಳಿದ.

"ಗೊತ್ತಾಗಿದ್ದು ನನಗೆ. ಕೈಕಾಲಿಗೆ ಹಳೇ ಅಭ್ಯಾಸ. ಬಾಗಿಲಿಗೇ ಬಾರಪ್ಪ."

ಟೆಕ್ನೀಷಿಯನ್ ಗೊಣಗುತ್ತಾ ಎದ್ದು ಬಾಗಿಲಿಗೆ ಹೋಗಿ, ಮುಖ ತೋರಿಸಿ, ಹೇಳಿ ಬಂದ. ಬೈಂಡರ್ ಅಲುಗಾಡಲಿಲ್ಲ. ಯಂತ್ರ ಸುತ್ತಿ ನಿಂತಿತು.

ಫೈಲಿನಲ್ಲಿ ಕಾರ್ಯಕರ್ತೆ ಎರಡು ಸಾಲು ಬರೆದಳು: ಮೈಕು ಬಳಸಬಾರದು, ಎದುರು ನಿಂತು ಹೇಳಬೇಕು. ಹೆಚ್ಚಿಸಿದ ಮಾತ್ರೆಯ ಬಗ್ಗೆ ಮನೋವೈದ್ಯರು ಮತ್ತೆ ನೋಡಬೇಕು. ತಪ್ಪಿದ ದಿನಗಳಿಂದ ಎಷ್ಟು ನಷ್ಟವಾಯಿತು ಎಂದು ಕ್ಯಾನ್ಸರ್ ಡಾಕ್ಟರನ್ನು ಕೇಳಿದಳು.

"ನಡುವೆ ಬಿಟ್ಟ ದಿನ ಗೆಡ್ಡೆಗೆ ಲಾಭ" ಎಂದರು ಅವರು. "ಎಷ್ಟು ಅಂತ ಈಗ ಹೇಳೋಕಾಗಲ್ಲ. ಉಳಿದ ಇಪ್ಪತ್ತೆರಡು ಮುಗಿಸೋಣ, ಆಮೇಲೆ ನೋಡೋಣ."

ಅಲ್ಲಿಯವರೆಗೆ ಲೆಕ್ಕಕ್ಕೆ ಸಿಕ್ಕ ನಷ್ಟ ಇಷ್ಟು: ಒಂಬತ್ತು ದಿನದ ಕರೆಂಟು, ಬೈಂಡರನ ಮೈಯಿಂದ ನಾಲ್ಕು ಕಿಲೋ ತೂಕ.