ಕೆರೆಯಂಚಿನ ಕೂಗು

"ಅಣ್ಣಾ, ಓಡಿ ಬನ್ನಿ! ಕೂಗ್ತು, ಗಂಡು ಕೂಗ್ತು!"

ಇಯರ್‌ಫೋನ್ ಕಿತ್ತೆಸೆದು ಕಪ್ಪೆ ಮೇಡಂ ಎದ್ದ ರಭಸಕ್ಕೆ ಮೇಜಿನ ಮೇಲಿದ್ದ ಚಹಾ ಚೆಲ್ಲಿ ಕಾಗದವೆಲ್ಲ ಒದ್ದೆಯಾಯಿತು. ಯಾರಿಗೆ ಬೇಕು ಕಾಗದ! ಆರು ವರ್ಷದಿಂದ ಕೆರೆಯಂಚಿನಲ್ಲಿಟ್ಟ ಧ್ವನಿ ಹಿಡಿಯುವ ಯಂತ್ರ ತುಂಬಿಕೊಟ್ಟಿದ್ದೆಲ್ಲ ಬರೀ ಗಾಳಿ, ಜೀರುಂಡೆ, ಲಾರಿ. ಕೇಳಿ ಕೇಳಿ ಅವಳ ಕಿವಿ ಜಡ್ಡುಗಟ್ಟಿತ್ತು.

ಶಾಲೆಶಾಲೆಗೆ ಹೋಗಿ ಕಪ್ಪೆಗಳ ಪಾಠ ಹೇಳುತ್ತಾಳೆಂದು ಮಕ್ಕಳಿಟ್ಟ ಹೆಸರು ಕಪ್ಪೆ ಮೇಡಂ. ಪಕ್ಕದ ಕೋಣೆಯ ಗಾಜಿನ ತೊಟ್ಟಿಯಲ್ಲಿ ಆ ಕೆರೆಯದೇ ಒಂದು ಕಪ್ಪೆ ಜಾತಿಯ ಕೊನೆಯ ಹೆಣ್ಣು ಕೂತಿತ್ತು. ಚರ್ಮದ ರೋಗ ಬಂದು ಉಳಿದವೆಲ್ಲ ಸತ್ತ ಮೇಲೆ ಇದೊಂದೇ. ವರ್ಷಾ ವರ್ಷಾ ಹೊಟ್ಟೆ ತುಂಬ ಮೊಟ್ಟೆ ಕಟ್ಟುವುದು, ಗಂಡಿಲ್ಲದೆ ಹಾಗೇ ಕರಗಿಸಿಕೊಳ್ಳುವುದು. ಈಗಲೂ ಕಟ್ಟಿತ್ತು. ಅದಕ್ಕೆ ಒಂಬತ್ತು ವರ್ಷವಾಯಿತು, ಮುಂದಿನ ವರ್ಷ ಮತ್ತೆ ಕಟ್ಟುತ್ತದೆಂದು ಯಾರೂ ಹೇಳುವಂತಿರಲಿಲ್ಲ. ಗಂಡು ಸಿಗುವುದಿದ್ದರೆ ಈ ವಾರವೇ ಸಿಗಬೇಕು.

ತೊಟ್ಟಿ ತಿಕ್ಕಿ ತಿಕ್ಕಿ ತೊಟ್ಟಿಯಣ್ಣ ಎಂದೇ ಹೆಸರಾದ ಹಿರಿಯ ಕೆಲಸಗಾರ ಕೈ ಒರೆಸಿಕೊಳ್ಳುತ್ತ ಬರುವಷ್ಟರಲ್ಲಿ ಅವಳು ಕಪ್ಪೆ ಸಂರಕ್ಷಣಾ ಕೇಂದ್ರದ ನಿರ್ದೇಶಕರಿಗೆ ಫೋನ್ ಮಾಡಿ ಜೀಪು, ಬಲೆ, ನಾಲ್ಕು ಜನ, ಎಲ್ಲ ಕೇಳಿಯಾಗಿತ್ತು.

"ಕೇಳಿ, ನೀವೇ ಕೇಳಿ. ಅದೇ ಕೂಗು ತಾನೇ?"

ಅವನು ಕೇಳಿದ. ಮುಖ ಅರಳಿತು. ಮತ್ತೊಮ್ಮೆ ಹಾಕಿಸಿಕೊಂಡು ಕೇಳಿದ. ಮುಖ ಸಣ್ಣಗಾಯಿತು.

"ಕೂಗೇನೋ ಅದೇ ಮೇಡಂ. ಕೊನೇಲಿ ಯಾರೋ ಸೀನ್ತಾರಲ್ಲ?"

"ಯಾವ್ದೋ ಶಾಲೆ ಮಕ್ಕಳು ಬಂದಿರ್ಬೇಕು, ಬಿಡಿ."

"ಮಕ್ಕಳ ಸೀನಲ್ಲ. ನಿಮ್ದು."

ಆಗ ಅವಳು ಯಂತ್ರ ಆ ಕೂಗು ಹಿಡಿದ ಸಮಯ ನೋಡಿದಳು. ಬೆಳಿಗ್ಗೆ ಹನ್ನೊಂದು ಇಪ್ಪತ್ತು. ಕತ್ತಲಾಗದೆ ಬಾಯಿ ಬಿಡದ ಕಪ್ಪೆ ಅದು. ಮೂರನೇ ಕ್ಲಾಸಿನ ಮಕ್ಕಳಿಗೂ ಅವಳೇ ಅದನ್ನು ಹೇಳಿಕೊಟ್ಟಿದ್ದಳು. ಕೆರೆದಂಡೆಯ ಫಲಕದಲ್ಲೊಂದು ಗುಂಡಿ ಇದೆ, ಒತ್ತಿದರೆ ಗಂಡಿನ ಕೂಗು ಕೇಳುತ್ತದೆ. ಏಳು ವರ್ಷದ ಹಿಂದೆ ನೆಗಡಿಯಲ್ಲೇ ಮೊಣಕಾಲುದ್ದ ನೀರಲ್ಲಿ ನಿಂತು ಅವಳೇ ಹಿಡಿದ ಧ್ವನಿ, ಹೋದ ತಿಂಗಳು ಅವಳೇ ಹಾಕಿಸಿದ ಗುಂಡಿ. ಆ ಸೀನು ತೆಗೆಸಿಬಿಡಿ ಎಂದು ತೊಟ್ಟಿಯಣ್ಣ ಆಗಲೇ ಹೇಳಿದ್ದ. ಇರಲಿ, ಮಕ್ಕಳು ನಗ್ತಾರೆ ಎಂದಿದ್ದಳು. ಎಂಥ ದಡ್ಡತನ!

ಮತ್ತೆ ಫೋನ್ ಹಚ್ಚಿದಳು. "ಸಾರ್, ಜೀಪು ಬೇಡ. ಅದು... ನಮ್ಮ ಫಲಕದ್ದೇ ಸಾರ್."

"ಹೋಗ್ಲಿ ಬಿಡಮ್ಮ," ಎಂದರು ನಿರ್ದೇಶಕರು. ನಾಲ್ಕು ಮಾತು ಬೈದಿದ್ದರೇ ಚೆನ್ನಾಗಿತ್ತು.

ಅವಳು ಪಕ್ಕದ ಕೋಣೆಗೆ ಹೋದಳು. ಹೆಣ್ಣು ಪಾಚಿಯ ಮೇಲೆ ಊದಿದ ಹೊಟ್ಟೆ ಹಾಕಿಕೊಂಡು ಕೂತಿತ್ತು. ತೊಟ್ಟಿಯಣ್ಣ ಹಿಂದೆಯೇ ಬಂದ.

"ಮೂರು ದಿನದಿಂದ ಏನೂ ತಿಂದಿಲ್ಲ ಮೇಡಂ. ಆ ಕೂಗನ್ನ ಒಂದ್ಸಲ ಕೇಳಿಸೋಣ್ವಾ? ಪಾಪ, ಸ್ವಲ್ಪ ಗೆಲುವಾದ್ರೂ ಆಗ್ಬಹುದು."

ಅವಳು ಹುಳದ ಡಬ್ಬಿ ಎತ್ತಿಕೊಂಡಳು.

"ಬೇಡ ಅಣ್ಣಾ," ಎಂದಳು. "ಅದೂ ನಂಬಿಬಿಡುತ್ತೆ."

ಅವನು ಬಾಗಿಲೆಳೆದುಕೊಂಡು ಹೋದ. ಅವಳು ಡಬ್ಬಿ ತೆರೆದು ನಾಲ್ಕು ಹುಳ ತೊಟ್ಟಿಗೆ ಬಿಟ್ಟಳು. ಹೆಣ್ಣು ಅತ್ತ ತಿರುಗಲಿಲ್ಲ. ಹುಳಗಳು ಒಂದೊಂದಾಗಿ ಗಾಜು ಹತ್ತತೊಡಗಿದವು.