ತವರುಮನೆ ವಿಚಾರಿಸುವ ತುಳಜಾರಾಮ

ತುಳಜಾರಾಮನ ಕೈಯಿಂದ ಗುಳಿಗೆ ಬಿಡಿಸಿಕೊಳ್ಳುವುದು ಸುಲಭವಿರಲಿಲ್ಲ. ಹುಮನಾಬಾದಿನ ಬಸ್ ನಿಲ್ದಾಣದ ಎದುರಿಗಿದ್ದ ತನ್ನ ಔಷಧಿ ಅಂಗಡಿಯಲ್ಲಿ, ಗಿರಾಕಿ ಗುಳಿಗೆಯ ಪಟ್ಟಿಯ ಒಂದು ತುದಿ ಹಿಡಿದರೆ ಇವನು ಇನ್ನೊಂದು ತುದಿಯನ್ನು ಬಿಡದೆ, ಕೊರಳನ್ನು ಕೊಕ್ಕರೆಯಂತೆ ಮುಂದೆ ಚಾಚಿ, ರೋಗಿಯ ತಾಯಿಯ ತವರೂರು, ಸೋದರಮಾವಂದಿರ ಆರೋಗ್ಯ ಎಲ್ಲವನ್ನೂ ವಿಚಾರಿಸುತ್ತಿದ್ದ. ಬೇಸಿಗೆಯಲ್ಲೂ ಕಳಚದ ಬೂದು ಕೋಟಿನ ಗುಂಡಿಯನ್ನು ಅಷ್ಟು ಹೊತ್ತೂ ಇನ್ನೊಂದು ಕೈ ತಿರುವುತ್ತಿರುತ್ತಿತ್ತು. ಶಾಲೆ ಕಾಣದೆ, ಅವನ ಅಂಗಡಿಗೆ ಬರುತ್ತಿದ್ದ ಪತ್ರಿಕೆಗಳಲ್ಲೇ ಅಕ್ಷರ ಕೂಡಿಸಿ ಓದಲು ಕಲಿತ ನಾನು ಅಲ್ಲಿಯ ಮರದ ಬಾಕಿನ ಮೇಲೆ ಕೂರುವ ಕಾಯಂ ಗಿರಾಕಿ.

ಮೊದಲು ಅವನ ಪ್ರಶ್ನೆ ಚಿಕ್ಕದಿತ್ತು. ತೊಂಬತ್ತೆರಡರ ಮಳೆಗಾಲದ ಕೊನೆಗೆ ಮಲೇರಿಯಾ ಹಬ್ಬಿದಾಗ ಬೇಮಳಖೇಡದ ನರಸಿಂಗ, ಮಗ ಕಪಿಲನಿಗೆ ಡಾಕ್ಟರರು ಬರೆದ ಪ್ರೈಮಾಕ್ವಿನ್ ಗುಳಿಗೆ ಒಯ್ಯಲು ಬಂದ. ಸೆರಗು ಹೊದ್ದ ಹೆಂಡತಿ ಮುಕ್ತಾಬಾಯಿ ಹಿಂದೆ ನಿಂತಿದ್ದಳು.

"ನಿಮ್ಮ ಮನಿಯಾಗ ಯಾರಿಗರೆ ಈ ಗುಳಿಗಿಲಿಂದ ತ್ರಾಸ ಆಗೇದೇನು?" ಎಂದು ತುಳಜಾರಾಮ ಕೇಳಿದ.

"ನಮ್ಮ ಮನಿಯಾಗ ಯಾರಿಗೂ ಏನೂ ಆಗಿಲ್ರಿ ಶೇಟ್ರ."

ಅದು ಸುಳ್ಳಲ್ಲ. ನಮ್ಮ ಕಡೆ ಮನೆಯೆಂದರೆ ಗಂಡನ ಮನೆ. ಹೆಂಡತಿಯ ಒಡಹುಟ್ಟಿದವರು ಆ ಮಾತಿನೊಳಗೆ ಬರುವುದಿಲ್ಲ. ಇಂಥದೇ ಗುಳಿಗೆ ನುಂಗಿ ತನ್ನ ಅಣ್ಣ ಅರಿಶಿನದಂತಾಗಿದ್ದುದು ಮುಕ್ತಾಬಾಯಿಗೆ ನೆನಪಿತ್ತು. ತನ್ನನ್ನು ಯಾರೂ ಕೇಳಲಿಲ್ಲವೆಂದು ಸುಮ್ಮನಿದ್ದಳು.

ಒಂದೆರಡು ದಿನದಲ್ಲೇ ಹುಡುಗನ ಮೂತ್ರ ಹಾಲಿಲ್ಲದ ಚಹಾದಂತೆ ಕಪ್ಪಾಯಿತು, ಕಣ್ಣು ಹಳದಿಯಾದವು, ಏದುಸಿರು ಹತ್ತಿತು. ದವಾಖಾನೆಯಲ್ಲಿ ರಕ್ತ ಏರಿಸುವಾಗ ತುಳಜಾರಾಮ ಬಾಗಿಲ ಹೊರಗೆ ನಿಂತು ಗುಂಡಿ ತಿರುವಿ ತಿರುವಿ ಅದರ ದಾರವನ್ನೇ ಹರಿದುಬಿಟ್ಟ. ಕೆಲವರ ರಕ್ತದಲ್ಲಿ ಒಂದು ಕಿಣ್ವ ಹುಟ್ಟಿನಿಂದಲೇ ಕಡಿಮೆಯಿರುತ್ತದೆ, ಅಂಥವರಲ್ಲಿ ಈ ಗುಳಿಗೆ ರಕ್ತದ ಕಣಗಳನ್ನೇ ಒಡೆಯುತ್ತದೆ, ಆ ಕೊರತೆ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಇಳಿದುಬರುತ್ತದೆ ಎಂದು ಡಾಕ್ಟರರು ತಿಳಿಸಿ ಹೇಳಿದರು. ಕಪಿಲ ಬದುಕಿದ. ಮುಕ್ತಾಬಾಯಿ ತುಳಜಾರಾಮನಲ್ಲಿ ಬೇಡಿಕೊಂಡದ್ದು ಒಂದೇ: "ಅಣ್ಣಾ, ಇದು ಹೊರಗ ಬೀಳಬಾರ್ದ್ರಿ. ಮಗಳೂ ಅದಾಳ. ನಾಳಿ ಧನಶ್ರೀನ ಯಾರ್ ಮಾಡ್ಕೋತಾರ?"

ಅವನು ಯಾರ ಹೆಸರನ್ನೂ ಹೊರಗೆ ಬಿಡಲಿಲ್ಲ. ಆದರೆ ಅಂದಿನಿಂದ ಕೆಮ್ಮಿನ ಔಷಧಿಗೆ ಬಂದವರ ತವರುಮನೆಯನ್ನೂ ಕೇಳತೊಡಗಿದ. ಜನ ಬೇಸತ್ತು ಪಕ್ಕದ ಅಂಗಡಿಗೆ ನಡೆದರು. ಇಷ್ಟು ಅಂಜಿದರೆ ವ್ಯಾಪಾರ ಹೇಗೆ ಎಂದು ನಾನು ಗದರಿದರೆ, "ಗುಳಿಗಿ ಎಲ್ಲಾರಿಗೂ ಒಂದೇ ಅದ, ಮೈ ಒಂದೇ ಇಲ್ಲಲ್ಲೋ ಮಾರಾಯ" ಎನ್ನುತ್ತಿದ್ದ.

ಎರಡು ಸಾವಿರದ ಏಳರಲ್ಲಿ ರಾಜೇಶ್ವರ ಎಂಬ ಹಳ್ಳಿಯ ಅತ್ತೆ ಸೊಸೆ, ಮಲೇರಿಯಾದಿಂದ ಸೊರಗಿದ ಮಗುವನ್ನೆತ್ತಿಕೊಂಡು ಅದೇ ಗುಳಿಗೆಗೆ ಬಂದರು. ತುಳಜಾರಾಮ ಕೊರಳು ಚಾಚಿದ.

"ನಮ್ಮ ಮನಿಯಾಗ ಯಾರಿಗೂ ಏನೂ ಇಲ್ರಿ" ಎಂದಳು ಅತ್ತೆ.

"ನಿಮ್ಮ ಮನಿ ಅಲ್ಲವ್ವಾ, ಹುಡುಗನ ತಾಯಿ ತವರ್ಮನಿ."

"ದವಾ ಕೊಡ್ತೀರೋ, ಬೀಗತನ ಮಾಡಾಕತ್ತೀರೋ?"

ಬಾಕಿನ ಮೇಲಿದ್ದವರು ನಕ್ಕರು. ಅತ್ತೆ ಪಟ್ಟಿಯನ್ನು ಜಗ್ಗಿದಳು, ಅವನು ಬಿಡಲಿಲ್ಲ. ಸೊಸೆ ಮಗುವನ್ನು ಇನ್ನೊಂದು ಬಗಲಿಗೆ ಬದಲಿಸಿ, ಅತ್ತೆಯ ಮುಖ ನೋಡಿ, ನೆಲ ನೋಡಿದಳು.

"ನನ್ನ ತಮ್ಮಗ ರಕ್ತ ಏರ್ಸಿದ್ರಿ ಶೇಟ್ರ. ಇದೇ ಗುಳಿಗಿಲಿಂದ. ಬೇಮಳಖೇಡದ ಕಪಿಲ."

ಅವಳು ಧನಶ್ರೀ ಎಂದು ನಮಗೆ ಗುರುತು ಹತ್ತಿದ್ದೇ ಆಗ. ಅತ್ತೆಯ ಕೈ ಪಟ್ಟಿಯಿಂದ ಸರಿಯಿತು. "ಲಗ್ನದಾಗ ಯಾಕ ಹೇಳ್ಲಿಲ್ಲ ನಿಮ್ಮವ್ವ?" ಎಂದಳು. ಧನಶ್ರೀ ಮಗುವಿನ ತಲೆ ಸವರುತ್ತ ನಿಂತಳು.

ತುಳಜಾರಾಮ ಗುಳಿಗೆಯನ್ನು ಒಳಗಿಟ್ಟು ಅವರನ್ನು ತಾನೇ ಡಾಕ್ಟರರಲ್ಲಿಗೆ ಕರೆದೊಯ್ದ. ರಕ್ತ ಪರೀಕ್ಷೆಯಲ್ಲಿ ಮಗುವಿಗೂ ಆ ಕೊರತೆ ಕಂಡಿತು. ಆ ಗುಳಿಗೆ ತಪ್ಪಿತು. ಆ ಮನೆಯಲ್ಲಿ ಧನಶ್ರೀ ಆಮೇಲೆ ಏನೇನು ಕೇಳಿಸಿಕೊಂಡಳೋ ನಾನರಿಯೆ.

ಅಂಜುವವರನ್ನು ಕಂಡರೆ ನಮಗೆ ನಗೆ. ಅಂಜಿಕೆಯನ್ನು ಒಳಗೇ ಅದುಮಿಕೊಂಡವನು ತಾನೊಬ್ಬನೇ ಬೇಯುತ್ತಾನೆ. ನಾಲ್ಕು ಜನರೆದುರು ನಾಚಿಕೆಯಿಲ್ಲದೆ ಅಂಜುವವನೊಬ್ಬ ಪೇಟೆಯಲ್ಲಿದ್ದರೆ, ಅವನಿಗಿಂತ ಹೆಚ್ಚು ಅಂಜಿ ಬಾಯಿ ಮುಚ್ಚಿಕೊಂಡವರಿಗೆ ಮಾತಾಡಲು ಒಂದು ಜಾಗ ಸಿಗುತ್ತದೆ.